‘ಮರುಪಾವತಿ’ ಎಂದರೆ ಯಾರು ಯಾರಿಗೆ ಕೊಡುವುದು ಎಂಬ ಬಗ್ಗೆ

ಪದಾರ್ಥ ನಿರ್ಣಯ ಶಾಖೆ, ನರಸಿಂಹರಾಜಪುರ
(ವ್ಯಾಪ್ತಿ: ಕೊಪ್ಪ ಮತ್ತು ಶೃಂಗೇರಿ ಸೇರಿದಂತೆ)
ಸಂಖ್ಯೆ: ಪನಿಶಾ/ಮಪಾ/47/2003-04
ದಿನಾಂಕ: 17-11-2003

ಸುತ್ತೋಲೆ

ವಿಷಯ: ‘ಮರುಪಾವತಿ’ ಪದದ ಅರ್ಥ ಹಾಗೂ ಬಳಕೆ ಕುರಿತು.

ಉಲ್ಲೇಖ:
(1) ಆರೋಗ್ಯ ಸಹಾಯಕಿ ವೀರಬಸಮ್ಮ ಇವರ ಅರ್ಜಿ, ದಿ: 21-07-2003.
(2) ಸದರಿಯವರು ಈ ಕಚೇರಿಯಲ್ಲಿ ಏರುದನಿಯಲ್ಲಿ ಮಾತನಾಡಿದ್ದು, ದಿ: 10-11-2003.

1. ಬಸರೀಕಟ್ಟೆಯ ಕಾಫಿ ತೋಟದ ಕೂಲಿ ಕಾರ್ಮಿಕರಾದ ನಯನ ಇವರಿಗೆ ದಿ: 19-07-2003ರ ಮಧ್ಯಾಹ್ನ ಹೆರಿಗೆ ನೋವು ಕಾಣಿಸಿಕೊಂಡಿದ್ದು, ವೀರಬಸಮ್ಮನವರು ಗುಲಾಮ್ ಹುಸೇನ್ ಎಂಬುವರ ಜೀಪಿನಲ್ಲಿ ಅವರನ್ನು ಕೊಪ್ಪದ ಆಸ್ಪತ್ರೆಗೆ ತಲುಪಿಸಿ, ಬಾಡಿಗೆ ರೂ. 350ನ್ನು ಸ್ವಂತ ಕೈಯಿಂದ ಕೊಟ್ಟಿರುತ್ತಾರೆ. ತಾಯಿ, ಹೆಣ್ಣು ಮಗು ಇಬ್ಬರೂ ಕ್ಷೇಮ. ಕಡತದಲ್ಲಿ ಇದೊಂದೇ ಅಂಶಕ್ಕೆ ಆಕ್ಷೇಪಣೆ ಬಂದಿರುವುದಿಲ್ಲ.

2. ಅರ್ಜಿಯಲ್ಲಿ ‘ದುಡ್ಡು ವಾಪಸ್ ಕೊಡಿಸಿ’ ಎಂದಿತ್ತು. ವಾಪಸ್ ಕೊಡಬೇಕಾದವರು ಪಡೆದವರೇ ಆದ್ದರಿಂದ ಗುಲಾಮ್ ಹುಸೇನರಿಗೆ ನೋಟಿಸು ಜಾರಿ ಮಾಡಲಾಯಿತು. ಅವರ ಹೇಳಿಕೆ: “ಡೀಸೆಲ್ ಉರಿದು ಹೋಯ್ತು ಸ್ವಾಮಿ, ಎಲ್ಲಿಂದ ವಾಪಸ್ ತರ್ಲಿ?” ಉರಿದ ಡೀಸೆಲನ್ನು ಹಾಜರುಪಡಿಸದ ಕಾರಣ ಹೇಳಿಕೆಯನ್ನು ತಿರಸ್ಕರಿಸಲಾಗಿದೆ.

3. ತರುವಾಯ ವೀರಬಸಮ್ಮನವರು ಸರಿಯಾದ ಪದ ಬಳಸಿ ‘ಮರುಪಾವತಿ’ ಕೋರಿದರು. ಮರು ಎಂದರೆ ಇನ್ನೊಮ್ಮೆ. ಪಾವತಿ ಎಂದರೆ ಹಣ ಕೊಡುವುದು. ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ರೂ. 350ನ್ನು ಇನ್ನೊಮ್ಮೆ ಕೊಡಲು ಅವರಿಗೆ ಅನುಮತಿ ನೀಡಲಾಯಿತು.

4. ಅನುಮತಿ ಪತ್ರ ಕೈಸೇರಿದ ದಿನವೇ ಸದರಿಯವರು ಬಸ್ಸಿಳಿದು ನೇರ ಕಚೇರಿಗೆ ಬಂದು, ಗುಮಾಸ್ತ ವೆಂಕಟಯ್ಯನವರ ಮೇಜಿನ ಮುಂದೆ ನಿಂತು, “ಎಂತ ಮಾರಾಯ್ರೆ, ಇನ್ನೊಂದ್ಸಲ ಕೊಡಕ್ಕೆ ಆ ಹುಡುಗಿ ಇನ್ನೊಂದ್ಸಲ ಹೆತ್ತಿದಾಳಾ? ನಾಳೆ ಮತ್ತೊಬ್ಬಳಿಗೆ ನೋವು ಬಂದ್ರೆ ನಾನು ಜೀಪು ಹುಡುಕ್ಲಾ, ನಿಮ್ಮ ಪದ ಹುಡುಕ್ಲಾ?” ಎಂದು ಕೇಳಿರುತ್ತಾರೆ. ಎರಡನೆಯ ಪ್ರಶ್ನೆಯನ್ನು ಮೇಲಧಿಕಾರಿಗಳ ಮಾರ್ಗದರ್ಶನಕ್ಕೆ ಕಳುಹಿಸಲಾಗಿದೆ.

5. ಮಾರ್ಗದರ್ಶನಕ್ಕೆ ಕಾಯದೆ ವೆಂಕಟಯ್ಯನವರು ತಮ್ಮ ಜೇಬಿನಿಂದಲೇ ರೂ. 350 ತೆಗೆದುಕೊಟ್ಟು, “ನೀವು ಜೀಪೇ ಹುಡುಕಿ, ಅಮ್ಮ” ಎಂದಿರುವುದು ಸಾಕ್ಷಿಗಳಿಂದ ರುಜುವಾತಾಗಿದೆ. ಕಾರಣ ಕೇಳಲಾಗಿ ‘ನಾಚಿಕೆಯಾಯಿತು’ ಎಂದು ಬರೆದುಕೊಟ್ಟಿದ್ದಾರೆ. ನಾಚಿಕೆಗೆ ಲೆಕ್ಕಶೀರ್ಷಿಕೆ ಇರುವುದಿಲ್ಲ.

6. ಆದುದರಿಂದ, ಪದದ ಅರ್ಥ ತೀರ್ಮಾನವಾಗುವವರೆಗೆ ಯಾರೂ ಯಾರಿಗಾಗಿಯೂ ಕೈಯಿಂದ ಖರ್ಚು ಮಾಡತಕ್ಕದ್ದಲ್ಲವೆಂದು ಎಲ್ಲರ ಗಮನಕ್ಕೆ ತರಲಾಗಿದೆ. ನೋವು ತಿನ್ನುತ್ತಿರುವವರೂ ಸಹಕರಿಸುವುದು.

ಸಹಿ/-
ಶಾಖಾಧಿಕಾರಿ
(ರಜೆಯಲ್ಲಿರುವವರ ಪರವಾಗಿ)

ಪ್ರತಿಗಳು:
– ಶ್ರೀಮತಿ ವೀರಬಸಮ್ಮ: ಪಡೆದ ಹಣ ಯಾವ ಪದದಡಿ ಪಡೆದದ್ದೆಂದು ಏಳು ದಿನದೊಳಗೆ ತಿಳಿಸಲು.
– ಶ್ರೀ ವೆಂಕಟಯ್ಯ: ಶೃಂಗೇರಿಗೆ ವರ್ಗಾವಣೆ ಆದೇಶದೊಂದಿಗೆ.
– ಶ್ರೀ ಗುಲಾಮ್ ಹುಸೇನ್: ಜೀಪು ಸಹಿತ ಹಾಜರಾಗಲು. ಬಾಡಿಗೆ ಕೇಳತಕ್ಕದ್ದಲ್ಲ.
– ನಯನ ಇವರ ಮಗಳು: ಓದು ಬಂದ ಮೇಲೆ ಸ್ವೀಕೃತಿ ಕಳುಹಿಸಲು. ಅಷ್ಟರಲ್ಲಿ ಬಿಲ್ಲು ತೀರ್ಮಾನವಾಗುವ ನಿರೀಕ್ಷೆಯಿದೆ.