ದೊಡ್ಡಾಕಿಯ ಹೃದಯಹರಣ ಪ್ರಸಂಗ

ಸ್ವಸ್ತಿ! ಉಕ್ಕನ್ನು ಬೆಣ್ಣೆಯಂತೆ ಕೊರೆಯುತ್ತಿದ್ದ, ಕರೆಂಟು ಇದ್ದಾಗ ಮಾತ್ರ ಕಾಲಚಕ್ರ ಉರುಳುತ್ತಿದ್ದ, ಕೆಟ್ಟ ಕಂಪ್ಯೂಟರಿಗೆ ಒಮ್ಮೆ ಆರಿಸಿ ಮತ್ತೆ ಹಚ್ಚುವುದೇ ಪರಮೌಷಧವೆಂದು ಆಬಾಲವೃದ್ಧರೂ ನಂಬಿದ್ದ ಆ ಮಹಾಯುಗದಲ್ಲಿ, ಬೆಳಗಾವಿಯೆಂಬ ಕುಂದಾಸುವಾಸಿತ ಪಟ್ಟಣದ ಅಂಚಿನ ಉದ್ಯಮಬಾಗವೆಂಬ ಲೋಹಾರಣ್ಯದಲ್ಲಿ, ಪಂಪಿನ ಬಾಡಿ ಕೊರೆಯುವ ಒಂದು ವರ್ಕ್‌ಶಾಪಿನ ತಗಡಿನ ಛಾವಣಿಯ ನೆರಳಿನಲ್ಲಿ, ಲೋಹಚೂರ್ಣಧೂಸರಿತಶ್ಮಶ್ರುವೂ, ಗ್ರೀಸ್‌ಲೇಪಿತಪ್ರಚಂಡಬಾಹುವೂ, ಎಲೆಯಡಿಕೆರಸರಂಜಿತದಂತಪಂಕ್ತಿಯೂ ಆದ ಮುರಿಗೆಪ್ಪ ಬಡಿಗೇರನೆಂಬ ಆಪರೇಟರ್‌ಕುಲತಿಲಕನು ಇದ್ದನು. ತಾಯೀ ಶಾರದೆ, ನನ್ನ ನಾಲಗೆಯ ಮೇಲೆ ಅರ್ಧ ತಾಸು ಕುಳಿತುಕೋ. ಹೇಳುತ್ತಿರುವುದು ವೀರರ ಕಥೆ. ನಡುವೆ ಯಾರಿಗಾದರೂ ನಗು ಬಂದರೆ ಅದರ ಹೊಣೆ ನನ್ನದಲ್ಲ.

ಮುರಿಗೆಪ್ಪನು ಇಪ್ಪತ್ತೆರಡು ವರ್ಷಗಳಿಂದ ಏಕನಿಷ್ಠೆಯಿಂದ ನಡೆಸಿಕೊಂಡು ಬಂದ ಯಂತ್ರಕ್ಕೆ ಕಂಪನಿಯವರು ಇಟ್ಟ ಹೆಸರು ಉದ್ದವಾಗಿತ್ತು, ಅದು ಯಾರ ಬಾಯಿಯಲ್ಲೂ ನಿಲ್ಲಲಿಲ್ಲ. ಎಲ್ಲರೂ ಅವಳನ್ನು ದೊಡ್ಡಾಕಿ ಎಂದೇ ಕರೆಯುತ್ತಿದ್ದರು. ದೊಡ್ಡಾಕಿಯ ಪಕ್ಕೆಗೆ ಅಂಟಿಕೊಂಡು ನಿಂತ ಕಬ್ಬಿಣದ ಕಪಾಟಿನೊಳಗೆ ಅವಳ ಕಂಪ್ಯೂಟರು. ಆ ಕಂಪ್ಯೂಟರಿನೊಳಗೆ ಅಂಗೈಯಗಲದ ಒಂದು ಹಾರ್ಡ್ ಡಿಸ್ಕು. ಆ ಡಿಸ್ಕಿನೊಳಗೆ ಮುರಿಗೆಪ್ಪನು ತನ್ನ ಯೌವನವನ್ನೂ ಕಣ್ಣಿನ ಬೆಳಕನ್ನೂ ಧಾರೆಯೆರೆದು ಬರೆದ ಮುನ್ನೂರ ಹದಿನಾರು ಪ್ರೋಗ್ರಾಮುಗಳು. ಯಾವ ಪಂಪಿಗೆ ಎಷ್ಟು ಆಳ, ಯಾವ ತಿರುವಿನಲ್ಲಿ ಎಷ್ಟು ವೇಗ, ಎಲ್ಲವೂ ಅಲ್ಲಿದ್ದವು. ಬೇರೆ ಎಲ್ಲಿಯೂ ಇರಲಿಲ್ಲ. ಅದರ ನಕಲು ತೆಗೆದಿಡುವ ಬ್ಯಾಕಪ್ ಎಂಬ ಕರ್ಮವನ್ನು ಆ ವರ್ಕ್‌ಶಾಪಿನಲ್ಲಿ ಇದುವರೆಗೆ ಯಾರೂ ಆಚರಿಸಿರಲಿಲ್ಲ.

ಆಚರಿಸಲು ದೊಡ್ಡಾಕಿಯನ್ನು ಆರಿಸಬೇಕು. ನಾಲ್ಕು ವರ್ಷಗಳ ಹಿಂದೊಮ್ಮೆ ಆರಿಸಿದಾಗ ಅವಳು ಮರಳಿ ಎಚ್ಚರಗೊಳ್ಳಲು ಒಂದಿಡೀ ಶಿಫ್ಟು ತೆಗೆದುಕೊಂಡಿದ್ದಳು. ಅಂದಿನಿಂದ ಅವಳ ಸ್ವಿಚ್ಚನ್ನು ಮುಟ್ಟಿದವರಿಲ್ಲ; ಕರೆಂಟು ಹೋದರೂ ಅವಳ ಕಂಪ್ಯೂಟರು ಬ್ಯಾಟರಿಯ ಮೇಲೆ ಎಚ್ಚರವಾಗಿಯೇ ಇರುತ್ತಿತ್ತು. ಖಂಡೇನವಮಿಯ ದಿನ ಉಳಿದ ಯಂತ್ರಗಳೆಲ್ಲ ತಣ್ಣಗೆ ನಿಂತು ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದರೆ, ದೊಡ್ಡಾಕಿ ಮಾತ್ರ ಗುಂಯ್‌ಗುಡುತ್ತಲೇ ಪೂಜೆ ಸ್ವೀಕರಿಸುತ್ತಿದ್ದಳು.

ಇಂತಿರಲು, ಒಂದು ಸೋಮವಾರ ಕಪಾಟಿನೊಳಗಿನಿಂದ 'ಲೊಚ್ ಲೊಚ್' ಎಂಬ ಸದ್ದು ಕೇಳಿಬಂದಿತು. ಆಗಷ್ಟೇ ಸ್ಟೋರಿನ ಕಸ್ತೂರಿಬಾಯಿ ಹೊಸಮನಿ, ಕೀಲಿಕೈಗೊಂಚಲಾಲಂಕೃತಕಟಿಪ್ರದೇಶೆಯಾದ ಆ ಭಾಂಡಾರಾಧೀಶ್ವರಿ, ಮುರಿಗೆಪ್ಪನೊಡನೆ ಮಾತಾಡುತ್ತ "ಇವತ್ತರ ಗ್ಯಾಸ್ ಸಿಲಿಂಡರ್ ಬರ್ತೈತಿ ಅನಸ್ತೈತ್ರಿ" ಎಂದಿದ್ದಳು. ಮಾತು ಮುಗಿಯುವುದಕ್ಕೂ ಕಪಾಟು ಲೊಚಗುಟ್ಟುವುದಕ್ಕೂ ಸರಿಹೋಯಿತು. "ಹಲ್ಲಿ ನುಡೀತು ನೋಡ್ರಿ ಅಕ್ಕಾರ" ಎಂದು ಮುರಿಗೆಪ್ಪ ಬೆರಳಿನಿಂದ ಕಪಾಟನ್ನು ತಟ್ಟಿ "ಕೃಷ್ಣ ಕೃಷ್ಣ" ಎಂದನು. ಸಂಜೆ ಕಸ್ತೂರಿಬಾಯಿ ಮನೆಗೆ ಹೋದರೆ ಬಾಗಿಲಲ್ಲಿ ಸಿಲಿಂಡರ್ ನಿಂತಿತ್ತು.

ಅಷ್ಟು ಸಾಕಾಯಿತು. ಮೂರು ವಾರಗಳಲ್ಲಿ ಆ ಕಪಾಟು ವರ್ಕ್‌ಶಾಪಿನ ಭವಿಷ್ಯ ಕೇಳುವ ಕಟ್ಟೆಯಾಗಿಹೋಯಿತು. ಲೇಥಿನವರು ಮಗಳಿಗೆ ವರ ಒಪ್ಪಿಗೆಯಾದೀತೇ ಎಂದು ಅದರ ಮುಂದೆ ಬಂದು ನುಡಿದರು. ಪೇಂಟಿಂಗಿನವರು ರಜೆಯ ಅರ್ಜಿಯನ್ನು ಮೊದಲು ಕಪಾಟಿಗೆ ಓದಿ ಹೇಳಿ ಆಮೇಲೆ ಆಫೀಸಿಗೆ ಒಯ್ದರು. ಮುರಿಗೆಪ್ಪನಿಗೆ ಬೇಡವೆಂದರೂ ಅರ್ಚಕಪದವಿ ಒದಗಿತು. ಬೇಡವೆಂದು ಅವನು ಅನ್ನಲೂ ಇಲ್ಲವೆನ್ನಿ.

ಮಗಳ ಮದುವೆಗೆಂದು ಮೂರು ವಾರ ರಜೆ ಹೋಗಿದ್ದ ಎಲೆಕ್ಟ್ರಿಷಿಯನ್ ದತ್ತೋಬಾ ಚೌಗುಲೆ, ಬಹುವರ್ಣತಂತ್ರೀಜಾಲಭೇದನಧುರಂಧರನೂ ಟೆಸ್ಟರ್‌ಶೋಭಿತವಕ್ಷಸ್ಥಲನೂ ಆದ ಆ ವೀರನು, ಮರಳಿ ಬಂದ ದಿನವೇ ಈ ಸದ್ದು ಕೇಳಿದನು. ಸ್ಕ್ರೂಡ್ರೈವರಿನ ತುದಿಯನ್ನು ಕಪಾಟಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಧ್ಯಾನಸ್ಥನಾದನು. ಬಳಿಕ ಕಣ್ಣು ತೆರೆದು ಹೇಳಿದನು:

"ಮುರಿಗೆಪ್ಪಣ್ಣಾ, ಇದು ಹಲ್ಲಿ ಅಲ್ಲರಿ. ಹಾರ್ಡ್ ಡಿಸ್ಕ್ ಸಾಯಾಕತ್ತೈತಿ. ಇಂದ ನಾಳೆ ಅನ್ನೂದ್ರಾಗ ಹೊಕ್ಕೈತಿ. ಬ್ಯಾಕಪ್ ತಗೀಬೇಕು."

ಇದನ್ನು ಕೇಳಿದ ಮುರಿಗೆಪ್ಪನ ಮೀಸೆಯ ಲೋಹಚೂರ್ಣವು ಕ್ರೋಧದಿಂದ ಕಂಪಿಸಿತು. ದತ್ತೋಬಾನು ಹಿಂಜರಿಯಲಿಲ್ಲ. ಟೆಸ್ಟರನ್ನು ಖಡ್ಗದಂತೆ ಎತ್ತಿ ಹಿಡಿದು, ಕಂಪ್ರೆಸರಿನ ಆರ್ಭಟವನ್ನೂ ಮೀರಿಸುವ ಧ್ವನಿಯಲ್ಲಿ ತನ್ನ ಪರಾಕ್ರಮವನ್ನು ತಾನೇ ಬಿತ್ತರಿಸಿದನು:

"ಹದಿನೆಂಟು ವರ್ಷ ಆತ್ರಿ ಈ ಉದ್ಯಮಬಾಗದಾಗ. ಸುಟ್ಟು ಕರಿ ಆದ ಮೋಟಾರ್ ಈ ಕೈ ಮುಟ್ಟಿದ ಮ್ಯಾಲೆ ಎದ್ದು ತಿರಗ್ಯಾವು. ನಾಕು ಮಂದಿ ಇಂಜಿನಿಯರ್ ಕೈ ಬಿಟ್ಟ ಪ್ಯಾನಲ್ ನಾ ಒಬ್ಬಾವ ನಿಂತು ಹಚ್ಚೀನಿ. ಡಿಸ್ಕಿನ ಸಪ್ಪಳ ನನಗ ಯಾರೂ ಹೇಳಿಕೊಡೂದು ಬ್ಯಾಡ."

ಮುರಿಗೆಪ್ಪನು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸಾವಕಾಶವಾಗಿ ಸಾಗಿಸಿ ಪ್ರತಿಘೋಷಣೆ ಮಾಡಿದನು:

"ದತ್ತೋಬಾ, ನೀ ಸತ್ತ ಮೋಟಾರ್ ಎಬ್ಬಿಸಿರಬಹುದು. ಈಕಿ ನನ್ನ ಕೈಯಾಗ ಬಾಳೇ ಮಾಡಿದಾಕಿ. ಕಣ್ಣಿಗೆ ಅರಬಿ ಕಟ್ಟಿ ನಿಂದರಸು, ಸಪ್ಪಳದ ಮ್ಯಾಲೆ ಕಟರ್ ಎಷ್ಟು ಸವದೈತಿ ಹೇಳ್ತೀನಿ. ಹಲ್ಲಿ ಯಾವುದು, ಡಿಸ್ಕ್ ಯಾವುದು ಅನ್ನೂದು ನನ್ನ ಕಿವಿಗೆ ಗೊತ್ತಾಗಂಗಿಲ್ಲೇನು? ಅದು ಹಲ್ಲಿ. ಕಪಾಟ ತಗಿಯಾಕ ನಾ ಬಿಡಂಗಿಲ್ಲ."

ಹೀಗೆಂದು ಕಪಾಟಿಗೆ ಬೀಗ ಜಡಿದು, ಕೀಲಿಕೈಯನ್ನು ತನ್ನ ಉಡದಾರಕ್ಕೆ ಕಟ್ಟಿಕೊಂಡನು. ಆ ದುರ್ಗಕ್ಕೆ ಲಗ್ಗೆ ಹಾಕುವ ಧೈರ್ಯ ಮೂರು ಲೋಕದಲ್ಲಿ ಯಾರಿಗೂ ಇರಲಿಲ್ಲ.

ಮುತ್ತಿಗೆ ಮೂರು ದಿನ ನಡೆಯಿತು. ಮುರಿಗೆಪ್ಪನು ರೊಟ್ಟಿಯ ಗಂಟನ್ನು ಕಪಾಟಿನ ಮುಂದೆಯೇ ಬಿಚ್ಚಿದನು. ನೀರು ಕುಡಿಯಲು ಹೋದರೂ ಹಿಂದೆ ತಿರುಗಿ ನೋಡುತ್ತಲೇ ಹೋದನು. ಎಲ್ಲರಿಗೂ ಅದು ಹಟವೆಂದು ತೋರಿತು. ಅವನೊಬ್ಬನಿಗೆ ಗೊತ್ತಿತ್ತು, ಅದು ಹೆದರಿಕೆ. ಬರುವ ಶ್ರಾವಣಕ್ಕೆ ಅವನಿಗೆ ನಿವೃತ್ತಿಯ ವಯಸ್ಸು, ಐವತ್ತೆಂಟು, ತುಂಬುತ್ತಿತ್ತು. "ಆಮ್ಯಾಲಿಂದು ಆಮ್ಯಾಲೆ ನೋಡೂಣು" ಎಂದು ಮಾಲಕರು ಅಂದಿದ್ದರು. ಮುನ್ನೂರ ಹದಿನಾರು ಪ್ರೋಗ್ರಾಮುಗಳು ದೊಡ್ಡಾಕಿಯ ಹೊಟ್ಟೆಯಲ್ಲಿರುವ ತನಕ ಮುರಿಗೆಪ್ಪ ಬೇಕು. ಅವು ದತ್ತೋಬಾನ ಕಿಸೆಯೊಳಗೆ ಕುಳಿತ ದಿನ ಯಂತ್ರ ಹೊರಡಿಸುವ ಹಸಿರು ಗುಂಡಿ ಒತ್ತಲು ಯಾರಾದರೂ ನಡೆದೀತು. ಈ ವಿಚಾರ ಬಂದಾಗಲೆಲ್ಲ ಆ ಮಹಾರಥಿಯು ಉಡದಾರದ ಕೀಲಿಕೈಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದನು.

ನಾಲ್ಕನೆಯ ದಿನ ಹತ್ತು ಗಂಟೆಯ ಚಹಾದ ಹೊತ್ತಿಗೆ, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ದತ್ತೋಬಾನು ಮತ್ತೆ ರಣಾಂಗಣಕ್ಕೆ ಇಳಿದನು. ಚಹಾದ ತಟ್ಟೆ ಹಿಡಿದು ಕಸ್ತೂರಿಬಾಯಿಯೂ ಬಂದಳು. ದತ್ತೋಬಾನ ಧ್ವನಿಯಲ್ಲಿ ಈ ಸಲ ಆರ್ಭಟವಿರಲಿಲ್ಲ.

"ಮುರಿಗೆಪ್ಪಣ್ಣಾ, ಕೈ ಮುಗಿದು ಹೇಳ್ತೀನಿ. ಇವತ್ತ ಬ್ಯಾಕಪ್ ತಗೀಲಿಲ್ಲಂದ್ರ ನಿಮ್ಮ ಪ್ರೋಗ್ರಾಂ ಒಂದೂ ಉಳಿಯಂಗಿಲ್ಲರಿ."

ಲೊಚ್, ಲೊಚ್, ಲೊಚ್.

ದತ್ತೋಬಾನು ಬೆರಳೆತ್ತಿ, "ಕೇಳಿದ್ರಿಲ್ಲೋ, ಡಿಸ್ಕು" ಎಂದನು. ಕಸ್ತೂರಿಬಾಯಿಯಾದರೋ ಚಹಾದ ತಟ್ಟೆಯನ್ನು ಕೆಳಗಿಟ್ಟು, ಕಬ್ಬಿಣವನ್ನು ತಟ್ಟಿ, "ಕೃಷ್ಣ ಕೃಷ್ಣ. ಮುರಿಗೆಪ್ಪಣ್ಣಾರ, ಹಲ್ಲಿ ನುಡೀತ್ರಿ" ಎಂದಳು.

ಅಯ್ಯೋ, ಇಬ್ಬಂದಿಯೆಂದರೆ ಇದು. ಅದು ಡಿಸ್ಕಿನ ಸದ್ದಾದರೆ ಡಿಸ್ಕು ಸಾಯುತ್ತಿದೆ, ಬ್ಯಾಕಪ್ ತೆಗೆಯಬೇಕು. ಅದು ಹಲ್ಲಿಯ ಸದ್ದಾದರೆ ದತ್ತೋಬಾನ ಮಾತನ್ನು ಹಲ್ಲಿಯೇ ನಿಜವೆಂದು ನುಡಿದಿದೆ, ಆಗಲೂ ಬ್ಯಾಕಪ್ ತೆಗೆಯಬೇಕು. ಮೂರು ವಾರ ಊರಿಗೆಲ್ಲ ಹಲ್ಲಿಯ ಮಾತು ನಡೆಸಿಕೊಟ್ಟ ಅರ್ಚಕನು ತನ್ನ ಸರದಿ ಬಂದಾಗ ಅದನ್ನು ಸುಳ್ಳೆನ್ನುವುದು ಹೇಗೆ? ಮುರಿಗೆಪ್ಪನು ಗೋಡೆಯತ್ತ ತಿರುಗಿ, ಅಂಗಿಯೆತ್ತಿ, ಉಡದಾರದಿಂದ ಕೀಲಿಕೈ ಬಿಚ್ಚಿದನು. ತಾನೇ ಬೀಗ ತೆಗೆದು, ದೊಡ್ಡಾಕಿಯ ಸ್ವಿಚ್ಚಿಗೆ ಕೈಯಿಟ್ಟನು.

ಆಹಾ, ಆ ಕ್ಷಣವನ್ನು ಏನೆಂದು ಬಣ್ಣಿಸಲಿ. ನಾಲ್ಕು ವರ್ಷಗಳಿಂದ ಅಖಂಡವಾಗಿ ಉರಿದಿದ್ದ ಹಸಿರು ದೀಪವು, ಸೂರ್ಯನೇ ಸಹ್ಯಾದ್ರಿಯ ಹಿಂದೆ ಬಿದ್ದನೋ ಎಂಬಂತೆ, ಒಮ್ಮೆಲೇ ಆರಿತು. ದೊಡ್ಡಾಕಿಯ ಗುಂಯ್‌ಕಾರ ಇಳಿಯುತ್ತ ಇಳಿಯುತ್ತ ನಿಂತಿತು. ಅಷ್ಟು ದಿನ ಆ ಸದ್ದು ಇದೆಯೆಂದೇ ಯಾರಿಗೂ ಅನಿಸಿರಲಿಲ್ಲ. ನಿಂತ ಮೇಲೆ ಗೊತ್ತಾಯಿತು. ಲೇಥಿನವರು ಲೇಥು ಬಿಟ್ಟು ಬಂದರು, ಪೇಂಟಿಂಗಿನವರು ಬ್ರಷ್ ಹಿಡಿದೇ ಬಂದರು. ದತ್ತೋಬಾನು ನಾಲ್ಕು ಸ್ಕ್ರೂಗಳನ್ನು ಬಿಚ್ಚಿ, ಎರಡು ವೈರುಗಳನ್ನು ಕಳಚಿ, ಧೂಳು ಮೆತ್ತಿದ ಆ ಡಿಸ್ಕನ್ನು ಎರಡೂ ಕೈಯಲ್ಲಿ ಹೊರತೆಗೆದನು. ಮುರಿಗೆಪ್ಪನು ಹೆಗಲ ಮೇಲಿನ ಟವೆಲನ್ನು ಮೇಜಿನ ಮೇಲೆ ಹಾಸಿದನು. "ಸಾವಕಾಶ ಇಡಪಾ" ಎಂದಷ್ಟೇ ಹೇಳಿದನು.

ಡಿಸ್ಕಿಗೆ ಲ್ಯಾಪ್‌ಟಾಪಿನ ವೈರು ಜೋಡಿಸಲಾಯಿತು. ಅದು ಒಮ್ಮೆ ನರಳಿ, ತಿರುಗತೊಡಗಿತು. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಇರುವೆಯ ಗತಿಯಲ್ಲಿ ಹೊರಟಿತು. ನೂರಕ್ಕೆ ಹತ್ತು, ಇಪ್ಪತ್ತು, ಮೂವತ್ತು. ಮುರಿಗೆಪ್ಪನು ಬಗ್ಗಿ ಡಿಸ್ಕಿಗೆ ಕಿವಿಗೊಟ್ಟನು. ಒಂದೇ ಸಮನಾದ, ನುಣುಪಾದ, ಆರೋಗ್ಯವಂತ ಗುಂಯ್‌ಕಾರ. ಇನ್ನೊಮ್ಮೆ ಕಿವಿಗೊಟ್ಟನು. ಅವನ ಹುಬ್ಬು ಮೇಲೇರಿತು.

ಪಟ್ಟಿಯು ಅರ್ಧ ದಾರಿ ಕ್ರಮಿಸಿದ ಹೊತ್ತಿಗೆ ದತ್ತೋಬಾನು ಬೆವರು ಒರೆಸಿಕೊಂಡು, "ಸರಿಯಾದ ಹೊತ್ತಿಗೆ ತಗದ್ವಿ ನೋಡ್ರಿ. ಇನ್ನೊಂದು ದಿನ ಬಿಟ್ಟಿದ್ರ ಮುಗೀತಿತ್ತು" ಎಂದನು.

ಲೊಚ್, ಲೊಚ್, ಲೊಚ್.

ಸದ್ದು ಬಂದದ್ದು ಡಿಸ್ಕಿಲ್ಲದ, ಕರೆಂಟಿಲ್ಲದ, ಬಾಗಿಲು ತೆರೆದ ಕಪಾಟಿನಿಂದ.

ಎಲ್ಲರ ಮುಖವೂ ಅತ್ತ ತಿರುಗಿತು. ಫ್ಯಾನಿನ ಮರೆಯಿಂದ ಮೊದಲು ಒಂದು ಚೂಪು ಮೂತಿ, ಆಮೇಲೆ ಎರಡು ಕರಿಯ ಕಣ್ಣು, ಆಮೇಲೆ ಕಂಪ್ಯೂಟರಿನ ಬೆಚ್ಚಗಿನ ಗಾಳಿಯಲ್ಲಿ ಉಂಡುಟ್ಟು ದುಂಡಗಾದ ಒಂದು ದೇಹ ಹೊರಬಂದಿತು. ತನ್ನ ಅರಮನೆಯ ಬಿಸುಪನ್ನು ಆರಿಸಿದವರು ಯಾರೆಂದು ಕೇಳುವಂತೆ ಸಭೆಯನ್ನೊಮ್ಮೆ ನೋಡಿ, ಮಹಾರಾಣಿಯ ಠೀವಿಯಿಂದ ಗೋಡೆಯೇರಿ ಟ್ಯೂಬ್‌ಲೈಟಿನ ಹಿಂದೆ ಮರೆಯಾಯಿತು.

ದತ್ತೋಬಾನ ಕೈಯಲ್ಲಿದ್ದ ಸ್ಕ್ರೂಡ್ರೈವರು ತಾನಾಗಿ ಕಿಸೆಗೆ ಇಳಿಯಿತು. ಮುರಿಗೆಪ್ಪನು ಗೆದ್ದೆನೆಂದು ಕೂಗಲಿಲ್ಲ. ಎಲೆಯಡಿಕೆ ತುಂಬಿದ ಬಾಯಿಂದ ಮೆಲ್ಲಗೆ, "ಹಲ್ಲಿ ಅಂದಿದ್ನಿಲ್ಲಪಾ" ಎಂದನು.

ನೀಲಿ ಪಟ್ಟಿ ತನ್ನ ಪಾಡಿಗೆ ತಾನು ತುದಿ ಮುಟ್ಟಿತು. ಇಡೀ ಡಿಸ್ಕಿನ ನಕಲಿಗೆ ಒಟ್ಟು ಹನ್ನೊಂದು ನಿಮಿಷ. ಚಹಾ ಇನ್ನೂ ಪೂರ್ತಿ ಆರಿರಲಿಲ್ಲ. ದತ್ತೋಬಾನು ಮುಖ ಉಳಿಸಿಕೊಳ್ಳಲು ಪ್ರೋಗ್ರಾಮುಗಳಿದ್ದ ಕಡತವನ್ನು ತೆರೆದು ಎಣಿಸಿದನು. "ಮುನ್ನೂರ ಹದಿನಾರೂ ಬಂದಾವ್ರಿ. ಎಲ್ಲಾ ಸೇರಿ ಒಂಬತ್ತು ಎಂಬಿ."

"ನಮ್ಮ ಅಳಿಯ ಮುಂಜಾನೆ ಶುಭೋದಯ ಅಂತ ಒಂದು ವಿಡಿಯೋ ಕಳಸ್ತಾನಲ್ರಿ, ಅದ ಹದಿನಾಕು ಇರ್ತೈತಿ" ಎಂದಳು ಕಸ್ತೂರಿಬಾಯಿ. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಹಲ್ಲಿ ಗೆಲ್ಲಿಸಿದ ಮುರಿಗೆಪ್ಪನನ್ನು ಒಂಬತ್ತು ಎಂಬಿ ಸೋಲಿಸಿತು. ಇಪ್ಪತ್ತೆರಡು ವರ್ಷ, ಎರಡು ಶಿಫ್ಟಿನ ದಿನಗಳು, ದೊಡ್ಡಾಕಿಗೆ ಸಂದ ಎಡಗೈಯ ಒಂದು ಉಗುರು, ಎಲ್ಲ ಸೇರಿ ಒಬ್ಬ ಅಳಿಯನ ಶುಭೋದಯಕ್ಕೂ ಸಾಲದೆ ಹೋಯಿತು. ಅವನು ಆರುತ್ತಿದ್ದ ಚಹಾವನ್ನು ಕೈಗೆತ್ತಿಕೊಂಡು ಹಾಗೆಯೇ ಹಿಡಿದುಕೊಂಡನು.

ಅಷ್ಟರಲ್ಲಿ ದತ್ತೋಬಾನು ಒಂದು ಪ್ರೋಗ್ರಾಮನ್ನು ತೆರೆದು ಸಾಲುಸಾಲಾಗಿ ಓದುತ್ತಿದ್ದವನು ಒಂದೆಡೆ ನಿಂತನು. ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು ಬರೆದಿತ್ತು. "ಇದೇನ್ರಿ ಮುರಿಗೆಪ್ಪಣ್ಣಾ, 'ಇಲ್ಲಿ ಕಿವಿ ಕೊಡು' ಅಂತ ಬರದೀರಿ?"

"ಅಲ್ಲಿ ಕಿವಿ ಕೊಡಬೇಕು."

ದತ್ತೋಬಾನು ಇನ್ನೊಂದನ್ನು ತೆರೆದನು, ಮತ್ತೊಂದನ್ನು ತೆರೆದನು. ಪ್ರತಿಯೊಂದರಲ್ಲೂ, ಕೊರೆತ ಕಷ್ಟವಾಗುವ ಜಾಗದಲ್ಲೆಲ್ಲ, ಅದೇ ಮೂರು ಮಾತು. "ಕಿವಿ ಕೊಟ್ಟು ಏನ ಕೇಳೂದ್ರಿ?"

"ಆಕಿ ಏನ ಹೇಳ್ತಾಳ ಅದನ್ನ. ಒಂದೊಂದ ಎರಕಕ್ಕ ಒಂದೊಂದ ನಮೂನಿ ಹೇಳ್ತಾಳ. ಅದನ್ನ ಕೇಳಿ ವೇಗ ಇಳಸಬೇಕು."

"ಎಷ್ಟು ಇಳಸೂದು ಅನ್ನೂದು ಬರದಿಲ್ಲಲ್ರಿ."

"ಬರಿಯಾಕ ಬರಂಗಿಲ್ಲದು."

ದತ್ತೋಬಾನು ಪರದೆಯನ್ನು ನೋಡಿದನು, ಆಮೇಲೆ ಹಲ್ಲಿ ಮರೆಯಾದ ಟ್ಯೂಬ್‌ಲೈಟನ್ನು ನೋಡಿದನು. "ಮಾಲಕರಿಗೆ ಹೇಳ್ತೀನ್ರಿ" ಎಂದನು, "ಈ ಬ್ಯಾಕಪ್ ಇಷ್ಟಕ್ಕ ಪೂರ್ತಿ ಆಗಂಗಿಲ್ಲಂತ. ಶ್ರಾವಣ ಆದ ಮ್ಯಾಲೂ ನೀವ ಬೇಕಾಗ್ತೀರಿ." ಮುರಿಗೆಪ್ಪನು ತಣ್ಣಗಿನ ಚಹಾವನ್ನು ಒಂದೇ ಗುಟುಕಿಗೆ ಕುಡಿದನು. ಅಷ್ಟು ರುಚಿಯಾದ ಚಹಾ ಅವನು ಕುಡಿದು ಬಹಳ ದಿನವಾಗಿತ್ತು.

ಡಿಸ್ಕು ಸ್ವಸ್ಥಾನ ಸೇರಿತು. ಸ್ವಿಚ್ಚು ಒತ್ತಿದಾಗ ದೊಡ್ಡಾಕಿ ಶಿಫ್ಟು ತಿನ್ನಲಿಲ್ಲ, ಮುನಿಸಿಕೊಳ್ಳಲಿಲ್ಲ. ಎರಡು ನಿಮಿಷದಲ್ಲಿ ಎದ್ದು ಕುಳಿತಳು. ಅಷ್ಟಕ್ಕೇ ನಾಲ್ಕು ವರ್ಷ ಹೆದರಿದ್ದೆವಲ್ಲ ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಮ್ಮ ತಮ್ಮ ಯಂತ್ರಗಳಿಗೆ ಮರಳಿದರು. ನಕಲು ಹೊತ್ತ ಪೆನ್ ಡ್ರೈವಿಗೆ ಕಸ್ತೂರಿಬಾಯಿ ಕುಂಕುಮ ಹಚ್ಚಿ, ಸ್ಟೋರಿನ ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟು ಬೀಗ ಹಾಕಿದಳು.

ಯಂತ್ರ ನಿಂತರೆ ಲಾಗ್‌ಬುಕ್ಕಿನಲ್ಲಿ ಕಾರಣ ಬರೆಯಬೇಕು, ಅದು ಆ ವರ್ಕ್‌ಶಾಪಿನ ಕಟ್ಟಳೆ. ಬರೆಯುವ ಹಕ್ಕು ಆಪರೇಟರನದು. "ಹಾರ್ಡ್ ಡಿಸ್ಕ್ ಬ್ಯಾಕಪ್ ಅಂತ ಬರೀರಲ್ಲ ಮುರಿಗೆಪ್ಪಣ್ಣಾ" ಎಂದು ದತ್ತೋಬಾನು ಹೆಗಲ ಹಿಂದೆ ನಿಂತು ಬೇಡಿಕೊಂಡನು. ಮುರಿಗೆಪ್ಪನು ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡನು. ಹೀಗೆ, ಮುನ್ನೂರ ಹದಿನಾರು ಪ್ರೋಗ್ರಾಮುಗಳ ರಕ್ಷಣಾರ್ಥವಾಗಿ ಮೂರು ದಿನ ಮುತ್ತಿಗೆ ಕಂಡು, ಇಬ್ಬರು ಮಹಾರಥಿಗಳು ಘರ್ಜಿಸಿ ನಡೆಸಿದ ಆ ಘೋರಸಂಗ್ರಾಮದ ಕುರಿತು ಇಂದಿಗೂ ಉಳಿದಿರುವ ದಾಖಲೆಯೆಂದರೆ ಒಂದೇ ಸಾಲು, ದುಂಡಗಿನ ಅಕ್ಷರದಲ್ಲಿ:

'ಮಶೀನ್ ಬಂದ್: ೪೦ ನಿಮಿಷ. ಕಾರಣ: ಹಲ್ಲಿ.'