ಸುಬೇದಾರನ ಎಡಗಡೆ ಒಂದು ಇಂಚು

“ಅಕ್ಕಾ, ಚಪ್ಪಲಿ ಬಿಟ್ಟು ಬನ್ನಿ! ಯಂತ್ರಕ್ಕೆ ಆಗಲ್ಲ!” ಎಂದು ಪಕ್ಕದ ಮನೆಯ ರೇಣುಕಪ್ಪ ಕೂಗಿದಾಗ ವಿಶಾಲಾಕ್ಷಮ್ಮನಿಗೆ ಚಪ್ಪಲಿ ಬಿಡುವುದಕ್ಕಿಂತ ಕೈಗೆ ತೆಗೆದುಕೊಳ್ಳುವ ಮನಸ್ಸೇ ಹೆಚ್ಚಾಗಿತ್ತು. ಅವನ ಹಿಂದಿನ ಯಂತ್ರ, ಐದೇ ನಿಮಿಷದಲ್ಲಿ ಬಟ್ಟೆ ಒಣಗಿಸುವಂಥದ್ದು, ಅವಳು ಹೊಲಿದಿಟ್ಟಿದ್ದ ರೇಷ್ಮೆ ರವಿಕೆಯನ್ನು ಹಪ್ಪಳ ಮಾಡಿತ್ತು.

ಆದರೂ ಬಿಟ್ಟಳು. ಅವಳ ನಾಯಿ ಸುಬೇದಾರ ಅನ್ನ ಬಿಟ್ಟು ನಾಲ್ಕು ದಿನವಾಗಿತ್ತು. ಹಾಲು ಹಾಕಿ ಮುದ್ದೆ ಕಲಸಿಟ್ಟರೂ ಮೂಸಿ ಮುಖ ತಿರುಗಿಸುತ್ತಿದ್ದ. ಬಾಯಿ ಮುಟ್ಟಲು ಹೋದವರಿಗೆಲ್ಲ ಗುರ್ ಎನ್ನುತ್ತಿದ್ದ. ಪಶುವೈದ್ಯರು ಹಳ್ಳಿಗಳ ಮೇಲೆ ಹೋದವರು ಸೋಮವಾರವೇ ಬರುವುದಂತೆ. ಅಲ್ಲಿಯವರೆಗೆ ಈ ಜೀವ ಉಳಿಯುತ್ತದೋ ಇಲ್ಲವೋ ಎಂದು ವಿಶಾಲಾಕ್ಷಮ್ಮನಿಗೂ ಊಟ ಸೇರುತ್ತಿರಲಿಲ್ಲ.

ರೇಣುಕಪ್ಪನದು ಬೋರ್‌ವೆಲ್‌ಗೆ ಪಾಯಿಂಟು ತೋರಿಸುವ ಕಸುಬು. ಅಂಗೈ ಮೇಲೆ ಜುಟ್ಟಿರುವ ತೆಂಗಿನಕಾಯಿ ಮಲಗಿಸಿಕೊಂಡು, ತಿಪಟೂರಿನ ಸುತ್ತಮುತ್ತ ಮೂವತ್ತು ವರ್ಷ ಹೊಲ ತುಳಿದಿದ್ದ. ಕೆಳಗೆ ನೀರಿದ್ದ ಕಡೆ ಕಾಯಿ ಎದ್ದು ನಿಲ್ಲುತ್ತಿತ್ತು. ಕೆಲವು ಸಲ ಇಲ್ಲದ ಕಡೆಯೂ ನಿಲ್ಲುತ್ತಿತ್ತು, ಅದು ಬೇರೆ ಮಾತು.

“ನೆಲದೊಳಗೆ ನೀರು ಹರೀತದೆ, ಪ್ರಾಣಿಯೊಳಗೆ ಯೋಚನೆ ಹರೀತದೆ. ಹರಿಯೋದು ಯಾವುದಾದ್ರೇನು, ಕಾಯಿಗೆ ಗೊತ್ತಾಗ್ತದೆ!” ಎಂದು ರೇಣುಕಪ್ಪ ಮೇಜಿನ ಮೇಲಿದ್ದ ಬಟ್ಟೆ ಎಳೆದ. ಒಂದು ಹಿತ್ತಾಳೆ ಬೋಗುಣಿ, ಅದರಲ್ಲಿ ತೆಂಗಿನಕಾಯಿ, ಅಕ್ಕಪಕ್ಕ ಎರಡು ತಾಮ್ರದ ಕಡ್ಡಿ, ಹಿಂದೆ ಹಳೇ ರೇಡಿಯೋದ ಸ್ಪೀಕರು. “ಕಾಯಿ ಎದ್ದ ತಕ್ಷಣ ಯಂತ್ರ ಆ ಯೋಚನೆಗೆ ಮಾತು ಹುಡುಕಿ ಹೇಳ್ತದೆ. ಇನ್ನೂರು ಪದ ನಾನೇ ಹೇಳಿ ತುಂಬ್ಸಿದೀನಿ.”

“ಯಾವ ಪದ?”

“ಬೋರ್ ಕಸುಬಲ್ಲಿ ನನ್ನ ಬಾಯಿಗೆ ಬರೋವು!”

ಮೊದಲು ಅವನ ಹೆಂಡತಿ ಸರ್ವಮಂಗಳಳ ಮೇಕೆಯನ್ನು ತಂದರು. ಅದು ಮುಂದಿದ್ದ ಹುಲ್ಲನ್ನು ನೋಡಿತು. ಕಾಯಿ ಗರಗರ ತಿರುಗಿ ಎದ್ದು ನಿಂತಿತು! ಸ್ಪೀಕರಿನಿಂದ ರೇಣುಕಪ್ಪನದೇ ದನಿ ಬಂತು: “ಇಲ್ಲಿ ಬರೀ ಧೂಳು. ಬೇರೆ ಪಾಯಿಂಟು ನೋಡಿ.”

“ಬೆಳಗ್ಗೆ ಎದ್ದು ಕೊಯ್ದು ತಂದ ಹುಲ್ಲಿಗೆ ಧೂಳು ಅಂತದಾ ಇದು?” ಎಂದು ಸರ್ವಮಂಗಳ ಕೆರಳಿದಳು.

ಅಷ್ಟರಲ್ಲಿ ಬೆಕ್ಕು ಬಂದು ರೇಣುಕಪ್ಪನನ್ನೇ ದಿಟ್ಟಿಸಿತು. ಯಂತ್ರ ತಡಮಾಡಲಿಲ್ಲ. “ಒಣ ಬೋರು. ಮುಚ್ಚಿಬಿಡಿ.”

“ಇದು ಮಾತ್ರ ಸರಿಯಾಗಿ ಹೇಳ್ತು ಕಣ್ರೀ!” ಎಂದಳು ಸರ್ವಮಂಗಳ.

ವಿಶಾಲಾಕ್ಷಮ್ಮನಿಗೆ ನಗು ಬರಲಿಲ್ಲ. ಯಂತ್ರವನ್ನು ತನ್ನ ಅಂಗಳಕ್ಕೆ ಹೊರಿಸಿಕೊಂಡು ಬಂದು ಸುಬೇದಾರನ ಮುಂದೆ ಇಡಿಸಿದಳು. “ಏನಾಯ್ತೋ ನಿನಗೆ? ಹೇಳಪ್ಪ,” ಎಂದು ಅವನ ಪಕ್ಕ ಕೂತಳು. ಸುಬೇದಾರ ಕಣ್ಣೆತ್ತಿ ನೋಡಿದ. ಕಾಯಿ ನಡುಗುತ್ತಾ ಎದ್ದಿತು.

“ಎಡಗಡೆ. ಒಳಗೆ ಬಂಡೆ. ಆಳ ಒಂದು ಇಂಚು.”

“ತಪ್ಪು!” ಎಂದ ರೇಣುಕಪ್ಪ. “ಇಂಚು ಅನ್ನೋದು ಬೋರಲ್ಲಿ ಎಷ್ಟು ನೀರು ಬಿತ್ತು ಅನ್ನೋ ಲೆಕ್ಕ. ಆಳಕ್ಕೆ ಅಡಿ ಅನ್ಬೇಕು. ನಾಯಿಗೇನು ಗೊತ್ತು, ನಾವೇ ತಿದ್ಕಬೇಕು. ಇವನ ಎಡಗಡೆ ನೆಲದಲ್ಲಿ, ಒಂದಡಿ ಕೆಳಗೆ ಏನೋ ಐತೆ. ಅದರ ಕಾಟಕ್ಕೇ ಅನ್ನ ಬಿಟ್ಟವ್ನೆ! ಸರ್ವಮಂಗಳ, ಗುದ್ದಲಿ ತಾ!”

ಸುಬೇದಾರನ ಎಡಗಡೆ ವಿಶಾಲಾಕ್ಷಮ್ಮ ಮಗುವಿನಂತೆ ಬೆಳೆಸಿದ ಕನಕಾಂಬರದ ಪಾತಿಯಿತ್ತು. ಹೋಯಿತು. ಒಂದಡಿ ಅಗೆದರೂ ಏನೂ ಸಿಗಲಿಲ್ಲ. “ಇನ್ನರ್ಧ ಅಡಿ,” ಎಂದ ರೇಣುಕಪ್ಪ. ಗುದ್ದಲಿ ಠಣ್ ಎಂದಿತು. ಮರುಕ್ಷಣ ನೀರು ಮನೆಯ ಸೂರಿನೆತ್ತರಕ್ಕೆ ಚಿಮ್ಮಿತು!

“ಗಂಗೆ! ಒಂದೂವರೆ ಅಡಿಗೇ ಗಂಗೆ!” ಎಂದು ರೇಣುಕಪ್ಪ ಕುಣಿದ.

“ನಲ್ಲಿ ಪೈಪು ಕಣ್ರೀ ಅದು!” ಸರ್ವಮಂಗಳ ಸೆರಗು ತುರುಕಲು ಓಡಿದಳು. ಅವಳ ಹಿಂದೆಯೇ ಬಂದಿದ್ದ ಮೇಕೆ ಹೆದರಿ, ಜಗಲಿಯಲ್ಲಿದ್ದ ವಿಶಾಲಾಕ್ಷಮ್ಮನ ಹೊಲಿಗೆ ಯಂತ್ರದ ಮೇಲೆ ಹತ್ತಿ ನಿಂತಿತು. ನೆನೆದು ತೊಪ್ಪೆಯಾದ ರೇಣುಕಪ್ಪನ ಯಂತ್ರ ಮಾತ್ರ ಹಟ ಬಿಡಲಿಲ್ಲ. “ಎಡಗಡೆ. ಒಂದು ಇಂಚು. ಒಂದು ಇಂಚು. ಒಂದು ಇಂಚು.”

ಕೆಸರಿನಲ್ಲಿ ನಿಂತ ವಿಶಾಲಾಕ್ಷಮ್ಮ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಹಿಡಿದುಕೊಂಡಳು. ಇಪ್ಪತ್ತು ವರ್ಷ ಬಟ್ಟೆ ಹೊಲಿದವಳು. ಅವಳ ಕಸುಬಿನಲ್ಲಿ ಯಾರಾದರೂ ಒಂದು ಇಂಚು ಎಂದರೆ ಒಂದು ಇಂಚೇ, ಅದನ್ನು ತಿದ್ದಿದರೆ ರವಿಕೆ ಹಾಳು.

“ರೇಣುಕಪ್ಪನೋರೆ, ನೆಲ ಬಿಡಿ. ಇವನ ಒಳಗೆ ನೋಡೋಣ!”

ಸುಬೇದಾರ ಗುರುಗುಟ್ಟಿದ. “ನಾನು ಕಣೋ,” ಎಂದು ತಲೆ ನೇವರಿಸಿ ಮೆಲ್ಲಗೆ ತುಟಿ ಎತ್ತಿದಳು. ಎಡಗಡೆ, ಒಂದು ಇಂಚು ಒಳಗೆ, ಎರಡು ದವಡೆ ಹಲ್ಲಿನ ಸಂದಿಯಲ್ಲಿ ಕಂದು ಬಣ್ಣದ ಚೂರೊಂದು ನಾಟಿಕೊಂಡಿತ್ತು. ರೇಣುಕಪ್ಪ ತಾಮ್ರದ ಕಡ್ಡಿ ಬಗ್ಗಿಸುವ ಇಕ್ಕಳ ಕೊಟ್ಟ. ಒಂದೇ ಎಳೆತ. ಸುಬೇದಾರ ಕುಯ್ಯೆಂದ, ಚೂರು ಹೊರಗೆ ಬಂತು.

ಅದು ತೆಂಗಿನ ಚಿಪ್ಪು. ವಿಶಾಲಾಕ್ಷಮ್ಮ ಚಿಪ್ಪನ್ನು ನೋಡಿದಳು, ರೇಣುಕಪ್ಪನನ್ನು ನೋಡಿದಳು.

“ಯಂತ್ರ ಪರೀಕ್ಷೆ ಮಾಡುವಾಗ ಒಡೆದ ಕಾಯಿಗಳದ್ದು ಅಕ್ಕ,” ಎಂದ ಅವನು ತಲೆ ತಗ್ಗಿಸಿ. “ಚಿಪ್ಪು ಗೋಡೆ ದಾಟಿಸಿ ನಿಮ್ಮ ಅಂಗಳಕ್ಕೆ ಎಸೀತಿದ್ದೆ.”

ಬೈಯಲು ಬಾಯಿ ತೆರೆದ ವಿಶಾಲಾಕ್ಷಮ್ಮ ತಟ್ಟನೆ ತಿರುಗಿದಳು. ಹಿಂದೆ ಲೊಚಲೊಚ ಸದ್ದಾಗುತ್ತಿತ್ತು. ಸುಬೇದಾರ ಮುದ್ದೆ ತಿನ್ನುತ್ತಿದ್ದ! ಒಂದು ಮುಗಿಸಿ ಇನ್ನೊಂದಕ್ಕೆ ಬಾಯಿ ಹಾಕಿದ. ತಟ್ಟೆ ನೆಕ್ಕಿದ ಮೇಲೆ ಬಂದು ಅವಳ ಕಾಲ ಮೇಲೆ ಗದ್ದ ಇಟ್ಟು, ಒಮ್ಮೆ ಅವಳನ್ನು, ಒಮ್ಮೆ ರೇಣುಕಪ್ಪನನ್ನು ನೋಡಿದ. ಕಾಯಿ ನೆಟ್ಟಗೆ ನಿಂತಿತು.

“ನೀರು ಬಿತ್ತು. ಮೂರಿಂಚು. ಸಿಹಿ ನೀರು.”

ರೇಣುಕಪ್ಪ ಟವಲಿನಿಂದ ಕಣ್ಣೊರೆಸಿಕೊಂಡ. “ಇದಕ್ಕಿಂತ ದೊಡ್ಡ ಮಾತು ನನ್ನ ಕಸುಬಲ್ಲಿ ಇಲ್ಲ ಅಕ್ಕ. ನೀರು ಬೀಳದೆ ಇದ್ದೋರೆಲ್ಲ ಮನೆ ಬಾಗಿಲಿಗೆ ಬಂದು ಬೈದ್ರು. ನೀರು ಬಿತ್ತು ಅಂತ ಬಂದು ಹೇಳಿದ್ದು, ಮೂವತ್ತು ವರ್ಷದಲ್ಲಿ ಇವನೊಬ್ಬನೇ.”

“ನಾನೂ ಹೇಳ್ತೀನಿ ತಗೊಳ್ಳಿ,” ಎಂದಳು ವಿಶಾಲಾಕ್ಷಮ್ಮ ಕೈಮುಗಿದು. “ನಿಮ್ಮಿಂದ ನನ್ನ ಸುಬೇದಾರ ಉಳಿದ. ಪೈಪು, ಪಾತಿ ನಾಳೆ ಸರಿಮಾಡಿಕೊಡಿ. ಚಿಪ್ಪು ಮಾತ್ರ ಇನ್ನು ನಿಮ್ಮ ಮನೆಯಲ್ಲೇ ಇರಲಿ.”

ನೀರು ಕುಡಿದ ಯಂತ್ರ ಆಮೇಲೆ ನಿಲ್ಲಲೇ ಇಲ್ಲ. ಗುಂಡಿ ಒತ್ತಿದರು, ತಂತಿ ಕಿತ್ತರು, ಸರ್ವಮಂಗಳ ಅದರ ಮೇಲೆ ಕಂಬಳಿಯನ್ನೂ ಹೊದಿಸಿದಳು. “ಮೂರಿಂಚು! ಸಿಹಿ ನೀರು!” ಎಂದು ಬೀದಿಗೆಲ್ಲ ಕೇಳುವಂತೆ ಸಾರುತ್ತಲೇ ಇತ್ತು. ಸಂಜೆಯ ಹೊತ್ತಿಗೆ ಬೋರ್ ಕೊರೆಯುವ ಲಾರಿಯೊಂದು ಧಡಧಡ ಬಂದು ಗೇಟಿನ ಮುಂದೆ ನಿಂತಿತು. ಡ್ರೈವರ್ ಕತ್ತು ಹೊರಗೆ ಹಾಕಿ, “ಪಾಯಿಂಟು ಎಲ್ಲಮ್ಮಾ?” ಎಂದು ಕೇಳಿದ.

ವಿಶಾಲಾಕ್ಷಮ್ಮ ಜಗಲಿಯ ಮೇಲೆ ಹೊಟ್ಟೆ ಮೇಲೆ ಮಾಡಿ ಗೊರಕೆ ಹೊಡೆಯುತ್ತಿದ್ದ ಸುಬೇದಾರನ ಕಡೆಗೆ ಕೈ ತೋರಿಸಿದಳು.

“ಅಲ್ಲಿ ಮಲಗಿದೆ ನೋಡಿ. ಈಗ ತಾನೇ ಊಟ ಆಗಿದೆ, ಕೊರೆಯೋದು ಬೇಡ.”