ಕೋಳಿಗಳಿಗೆ ನಡೆಮಡಿ

ಬೆಳಗಿನ ಏಳು ಗಂಟೆಗೆ ಹುಲೆಪ್ಪನ ಎಡಗಾಲಿನ ಚಪ್ಪಲಿ ಕೆಸರಿನೊಳಗೆ ಹೋಯಿತು. ಅದನ್ನು ಹುಡುಕಲು ಬಗ್ಗಿದಾಗ ಬಲಗಾಲಿನದೂ ಹೋಯಿತು. ಅವನು ಬರಿಗಾಲಲ್ಲಿ ನಿಂತು, ಕೋಳಿಗೂಡಿನ ತಗಡಿನ ಮೇಲೆ ಕೂತು ತನ್ನನ್ನೇ ನೋಡುತ್ತಿದ್ದ ಹುಂಜಕ್ಕೆ, "ಏನ್ ನೋಡ್ತೀಲೇ? ನಿನಗರ ರೆಕ್ಕಿ ಅದಾವ," ಎಂದು ರೇಗಿದ.

ಬನಹಟ್ಟಿಯಲ್ಲಿ ಹದಿನಾಲ್ಕು ವರ್ಷ ಮಗ್ಗ ಓಡಿಸಿದ ಹುಲೆಪ್ಪ, ಮಗ್ಗಗಳು ಒಂದೊಂದಾಗಿ ನಿಂತ ಮೇಲೆ ತೇರದಾಳ ರಸ್ತೆಯ ಬದಿಗೆ ಹತ್ತು ಗುಂಟೆ ಹೊಲವನ್ನು ವರ್ಷದ ಗೇಣಿ ಕೊಟ್ಟು ಲಾವಣಿಗೆ ಹಿಡಿದು ಜವಾರಿ ಕೋಳಿ ಸಾಕಿದ್ದ. ಬೇಸಿಗೆಯಲ್ಲಿ ಜಾಗ ಚೆನ್ನಾಗಿಯೇ ಕಂಡಿತ್ತು. ಎರೆಮಣ್ಣಿನ ನಿಜವಾದ ಗುಣ ಮಳೆ ಬಿದ್ದ ಮೇಲೆ ತಿಳಿಯಿತು. ಒಂದು ಹೆಜ್ಜೆ ಇಟ್ಟರೆ ಒಂದು ಸೇರು ಮಣ್ಣು ಕಾಲಿಗೆ ಹತ್ತುತ್ತಿತ್ತು. ಕೋಳಿಗಳ ಕಾಲು ಬಾತು ಆಗಲೇ ಮೊಟ್ಟೆಯಿಡುವ ಮೂರು ಹ್ಯಾಟಿ ಸತ್ತಿದ್ದವು. ಉಳಿದ ಅರವತ್ತೊಂದೇ ಅವನ ಬದುಕು.

ಬೇಲಿಯಾಚೆ ಆಡು ಸಾಕಿದ್ದ ಮುತ್ತಣ್ಣ ಹಲ್ಲುಜ್ಜುತ್ತ ಬಂದ. ಅವನದೂ ಅದೇ ಮಾಲಕಿಯ ಹೊಲ, ಅದೇ ಕೆಸರು. ಆದರೆ ಅವನಿಗೆ ಸ್ವಂತದ್ದಕ್ಕಿಂತ ಹುಲೆಪ್ಪನ ಕೆಸರಿನ ಚಿಂತೆಯೇ ಹೆಚ್ಚು.

"ಸುದ್ದಿ ಕೇಳೀದೇನೋ? ಮೂರ ಗಂಟೇಕ ಕಾಶೀಬಾಯಾರು ನಿನ್ನ ಜಾಗಾ ನೋಡಾಕ ಬರಾಕತ್ತಾರ."

"ಯಾಕಂತ?"

"'ಹುಲೆಪ್ಪನ ಕಡೆ ಭಾಳ ಕೆಸರಾಗೇತಂತ, ಕಣ್ಣಾರೆ ನೋಡಿ ಆಮ್ಯಾಲ ಏನ್ ಮಾಡೂದು ಹೇಳ್ತೇನಿ' ಅಂದ್ರು ಫೋನಿನ್ಯಾಗ. ಮಾಲಕರು ಕೆಸರು ನೋಡಾಕ ಬರೂದು ಯಾತಕ್ಕೋ ಹುಚ್ಚಾ? ಹೊಲಾ ಕೆಡಸೀದಿ ಅಂತ ಬಿಡಸಾಕ!"

ಹುಲೆಪ್ಪ ಗೂಡಿನ ಕಡೆ ತಿರುಗಿ ನೋಡಿದ. ಅರವತ್ತೊಂದು ಕೋಳಿ ಹೊತ್ತುಕೊಂಡು ಎಲ್ಲಿಗೆ ಹೋಗುವುದು? ಒಂದೇ ಒಂದು ಕೋಳಿ ಮನೆ ಹೊಸ್ತಿಲು ದಾಟಿದರೂ ತಾನು ತವರಿಗೆ ಹೋಗುವುದಾಗಿ ಹೆಂಡತಿ ಸಾವಂತ್ರೆವ್ವ ಮೊದಲೇ ಹೇಳಿಬಿಟ್ಟಿದ್ದಳು.

"ಈಗ ಏನ್ ಮಾಡ್ಲೋ ಮುತ್ತಣ್ಣಾ?"

"ಕಬ್ಬಿನ ರವದಿ ಹಾಸು. ಕೆಸರು ಕಾಣಂಗಿಲ್ಲ."

ಹುಲೆಪ್ಪ ಪಕ್ಕದ ಹೊಲದವರ ಕೈಕಾಲು ಹಿಡಿದು ಕಬ್ಬಿನ ಒಣ ಸೋಗೆ ಹೊತ್ತು ತಂದು ಹಾಸಿದ. ಕೆಳಗೆ ಹುಳ ಇರಬಹುದೆಂಬ ಆಸೆಗೆ ಕೋಳಿಗಳು ಅರ್ಧ ಗಂಟೆಯಲ್ಲಿ ಅದನ್ನೆಲ್ಲ ಕೆದರಿ ಬೇಲಿಗೆ ಒಗೆದವು.

"ಹಂಗಾರ ಬೂದಿ ಹಾಕು," ಎಂದ ಮುತ್ತಣ್ಣ. ಬೆಲ್ಲದ ಗಾಣದಿಂದ ಆರು ಚೀಲ ಬೂದಿ ಬಂತು. ಗಾಳಿಯೂ ಬಂತು. ಬೂದಿ ಕೆಸರಿಗಿಂತ ಹೆಚ್ಚಾಗಿ ಕೋಳಿಗಳ ಮೇಲೂ ಹುಲೆಪ್ಪನ ಮೇಲೂ ಬಿತ್ತು. ಕೆಂಪು ಹ್ಯಾಟಿ, ಕರಿ ಹ್ಯಾಟಿ ಎಲ್ಲ ಒಂದೇ ಬಣ್ಣವಾಗಿ ಸೀನತೊಡಗಿದವು.

ಹನ್ನೊಂದಕ್ಕೆ ಬಾಡಿಗೆ ಹೊಡೆಯುವ ಈರಪ್ಪ ತನ್ನ ಟ್ರ್ಯಾಕ್ಟರಿನಲ್ಲಿ ಸಣ್ಣ ಕಲ್ಲು ಬೆರೆತ ಗರಸು ಮಣ್ಣನ್ನು ಒಂದು ಟ್ರೇಲರ್ ತಂದು ಸುರಿದ. ಎರಡು ಬುಟ್ಟಿ ಹರಡಿದರು. ಎರೆಮಣ್ಣು ಆ ಗರಸನ್ನು ಸದ್ದಿಲ್ಲದೆ ನುಂಗಿಬಿಟ್ಟಿತು.

"ಕೆಳಗ ಬಟ್ಟಿ ಹಾಸಬೇಕು," ಎಂದ ಈರಪ್ಪ. "ದೊಡ್ಡ ದೊಡ್ಡ ರೋಡ್ ಮಾಡೋರೂ ಹಂಗ ಮಾಡ್ತಾರ. ಬಟ್ಟಿ ಹಿಡಿದ್ರ ಗರಸು ಕೆಳಗ ಇಳ್ಯಾಂಗಿಲ್ಲ."

"ಇಷ್ಟು ಬಟ್ಟಿ ಎಲ್ಲಿಂದ ತರ್ಲಿ?"

"ನೇಕಾರ ಅಲ್ಲೇನ್ ನೀ?" ಎಂದ ಮುತ್ತಣ್ಣ.

ಹುಲೆಪ್ಪನಿಗೆ ಮನೆಯ ಟ್ರಂಕು ನೆನಪಾಯಿತು. ಅದರ ತುಂಬ ಆಯೇರಿ ಸೀರೆಗಳು. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲೆಂದು ಬಂಧುಬಳಗದವರು ಕೊಟ್ಟವು. ಅಂಥ ಸೀರೆಯನ್ನು ಆ ಸೀಮೆಯಲ್ಲಿ ಯಾರೂ ಉಡುವುದಿಲ್ಲ. ಇವರ ಮನೆಯಲ್ಲಿ ಬಂದದ್ದನ್ನು ಅವರ ಮನೆಗೆ ಕೊಡುತ್ತಾರೆ. ಒಂದೇ ಸೀರೆ ಮಡಿಕೆ ಬಿಚ್ಚದೆ ಹತ್ತು ಮದುವೆ ನೋಡಿರುತ್ತದೆ. ಯಾರೂ ಉಡದ ಸೀರೆ ಇದ್ದರೇನು ಹೋದರೇನು ಎಂದುಕೊಂಡ ಹುಲೆಪ್ಪ ಬೈಕು ಹತ್ತಿದ. ಸಾವಂತ್ರೆವ್ವ ಜಮಖಂಡಿಯ ಸಂತೆಗೆ ಹೋಗಿದ್ದಳು. ಕೀಲಿ ಸಿಗಲಿಲ್ಲ. ಕೊಂಡಿಯನ್ನೇ ಮೀಟಿ, ಇಪ್ಪತ್ತೆರಡು ಸೀರೆ ಗಂಟು ಕಟ್ಟಿ ತಂದ.

ಗೂಡಿನ ಮುಂದೆ ಹತ್ತೊಂಬತ್ತು ಸೀರೆ ಹಾಸಿ ಗರಸು ಹರಡಿದಾಗ ನೆಲ ನಿಜವಾಗಿಯೂ ಗಟ್ಟಿಯಾಯಿತು. ಹುಲೆಪ್ಪ ಅದರ ಮೇಲೆ ಹಾರಿ ಹಾರಿ ನೋಡಿದ. ಆದರೆ ಗೇಟಿನ ಹತ್ತಿರ ಬರುವಷ್ಟರಲ್ಲಿ ಗರಸು ಮುಗಿಯಿತು. ಅಲ್ಲಿ ಉಳಿದ ರವದಿ ತುಳಿದು, ಮೂರು ಸೀರೆಯನ್ನು ಮೇಲೆಯೇ ಹಾಸಿದ. ಮದುವೆಯಲ್ಲಿ ಬೀಗರು ನಡೆದು ಬರಲು ಹಾಸುವ ನಡೆಮಡಿಯಂತೆ ಅದು ಕಾಣುತ್ತಿತ್ತು. ಕೋಳಿಗಳೂ ಅದರ ಮೇಲೆ ಬೀಗಿತ್ತಿಯರ ಹಾಗೆ ಕತ್ತು ಕೊಂಕಿಸಿ ಓಡಾಡಿದವು.

ಮೂರಕ್ಕೆ ಆಟೋ ಬಂದು ನಿಂತಿತು. ಕಾಶೀಬಾಯಿ ಇಳಿದು, ನೆಲ ನೋಡಿ, ಕಾಲು ಹಿಂದೆಗೆದರು.

"ಅಗ ಬಾಈ! ಇದೇನೋ ಹುಲೆಪ್ಪಾ?"

"ನಿಮ್ಮ ಕಾಲು ಕೆಸರಾಗಬಾರ್ದು ಅಂತರಿ, ಕಾಕು," ಎಂದ ಹುಲೆಪ್ಪ. ಬಾಯಿಗೆ ಬಂದದ್ದು ಅಷ್ಟೇ.

ಕಾಶೀಬಾಯಿ ಬಗ್ಗಿ ಹಸಿರು ಸೀರೆಯೊಂದರ ಅಂಚು ಹಿಡಿದರು. "ಇದು ನಿನ್ನ ಮಗಳ ತೊಟ್ಟಿಲಕ್ಕ ನಾ ಕೊಟ್ಟ ಸೀರಿ ಅಲ್ಲೇನು?"

ಮುತ್ತಣ್ಣ ಬೇಲಿಯಾಚೆ ಮೆಲ್ಲಗೆ ಆಡುಗಳ ಹಿಂದೆ ಸರಿದ.

ಕಾಶೀಬಾಯಿ ಒಮ್ಮೆಲೇ ನಕ್ಕರು. "ನನಗ ಇದನ್ನ ನಮ್ಮ ನಾದಿನಿ ಕೊಟ್ಟಿದ್ಲು. ಈಗ ನೋಡಪಾ ಇದಕ್ಕೊಂದು ಛಲೋ ಜಾಗಾ ಸಿಕ್ತು!" ಎಂದವರೇ ಅದರ ಮೇಲೆ ಎರಡು ಸಲ ಜೋರಾಗಿ ಕಾಲು ಒರೆಸಿ ಒಳಗೆ ಬಂದರು.

ಗರಸಿನ ಮೇಲೆ ಅತ್ತಿತ್ತ ಓಡಾಡಿದರು. "ಅರೇ ವಾ! ಏನ್ ಮಸ್ತ್ ಮಾಡೀದೋ!"

ಹುಲೆಪ್ಪನಿಗೆ ಜೀವ ಬಂತು. "ಹಂಗಾರ ಬಿಡಸಂಗಿಲ್ಲ ಹೌದಿಲ್ರಿ, ಕಾಕು?"

"ಬಿಡಸೂದು? ಯಾರಂದ್ರೋ? ಗುಡ್ಡದ ಬಾಜೂಕ ನಂದು ಗರಸಿನ ಹೊಲಾ ಐತೆಲ್ಲ, ಶೆಡ್ಡು, ಬೋರು ಎಲ್ಲಾ ಐತಿ. ಪಾಪ, ನಿನ್ನ ಕೋಳಿ ಕೆಸರಾಗ ಸಾಯಾಕತ್ತಾವ ಅಂತ ಕೇಳಿ, ಇದ ಲಾವಣಿಗೆ ನಿನ್ನ ಅಲ್ಲಿ ಇಡೂನು ಅಂತ ಬಂದಿದ್ದೆ. ಆದರ ಇದು ಅದಕ್ಕಿಂತ ಛಲೋ ಆಗೇತಿ. ಇನ್ನ ಯಾಕ ಬೇಕು?"

"ಕಾಕೂ, ಇದು ಮ್ಯಾಲಿಂದ ಅಷ್ಟರಿ! ಕೆಳಗ ಬರೇ ಕೆಸರು! ನೋಡ್ರಿ ಬೇಕಾರ!" ಹುಲೆಪ್ಪ ಎರಡೂ ಕಾಲೆತ್ತಿ ಜಿಗಿದ. ನೆಲ ಕಲ್ಲಿನಂತೆ ಧಂ ಎಂದಿತು. ಮತ್ತೆ ಜಿಗಿದ. ಮತ್ತೆ ಧಂ.

"ನೋಡ, ಎಷ್ಟ ಗಟ್ಟಿ ಐತಿ," ಎಂದು ಕಾಶೀಬಾಯಿ ಮೆಚ್ಚಿದರು. ಅಷ್ಟರಲ್ಲಿ ಬೇಲಿಯಾಚೆ ಹೊಟ್ಟೆಮಟ ಕೆಸರಾದ ಆಡೊಂದು ಅರಚಿತು. "ಅಯ್ಯ ಪಾಪ! ಮುತ್ತಣ್ಣಾ, ನೀನ ಹೋಗಿಬಿಡಪಾ ಆ ಹೊಲಕ್ಕ. ಇವತ್ತ ಹೋಗು."

ಆಟೋ ತಿರುಗುವ ಮೊದಲೇ ಮಳೆ ಹಿಡಿಯಿತು. ಮುತ್ತಣ್ಣ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು ಆಡುಗಳನ್ನು ಹೊರಡಿಸುತ್ತ, "ಹುಲೆಪ್ಪಾ, ಒಂದೀಟ ಕೈ ಹಚ್ಚಲೇ," ಎಂದು ಕೂಗಿದ. ಹುಲೆಪ್ಪ ಅತ್ತ ಒಂದು ಹೆಜ್ಜೆ ಇಟ್ಟ. ಅವನ ಕಾಲ ಕೆಳಗೆ ಏನೋ ಮೆಲ್ಲಗೆ ಜಾರಿತು. ಹತ್ತೊಂಬತ್ತು ಸೀರೆ, ಒಂದು ಟ್ರೇಲರ್ ಗರಸು, ಅದರ ಜೊತೆಗೆ ಮೊಣಕಾಲಿನವರೆಗೆ ಹುಲೆಪ್ಪ, ಎಲ್ಲವೂ ಒಟ್ಟಿಗೆ ಇಳಿದವು. ಕೋಳಿಗಳು ಹಾರಿ ತಗಡಿನ ಮೇಲೆ ಕೂತವು.

ಆಗ ಗೇಟಿನಲ್ಲಿ ಸಾವಂತ್ರೆವ್ವ ಕಂಡಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮುರಿದ ಕೊಂಡಿ.

"ಏನ್ರೀ, ನಾಳೆ ನಮ್ಮಣ್ಣನ ಮಗಳ ಕುಬಸ ಐತಿ. ಒಂದ್ ಸೀರಿ ಒಯ್ಬೇಕು ಅಂತ ಟ್ರಂಕ್ ನೋಡೀದ್ನಿ."

ಹುಲೆಪ್ಪ ಅವಳ ಮುಖ ನೋಡಿದ, ಕೆಳಗೆ ನೋಡಿದ. ಆಮೇಲೆ ಬಗ್ಗಿ, ಮೊಣಕೈ ಮುಳುಗುವವರೆಗೆ ಕೆಸರಿನೊಳಗೆ ಕೈ ಹಾಕಿ ತಡಕಾಡುತ್ತ ಕೇಳಿದ:

"ಯಾವ ಬಣ್ಣದ್ದು ಬೇಕಾಗಿತ್ತು?"